ಅರ್ಧ ಗಂಟೆ

ಇಪ್ಪತ್ತಾರು ವರ್ಷ ಸಂಡೂರಿನ ಗಣಿಯಲ್ಲಿ
ಮದ್ದು ಸಿಡಿಸಿದವನು ನಾನು.
ಎಸ್ಸೆಸ್ಸೆಲ್ಸಿ ಎರಡು ಸಲ ಡುಮ್ಕಿ ಹೊಡೆದವ
ಬ್ಲಾಸ್ಟರ್ ಸರ್ಟಿಫಿಕೇಟಿಗೆ ಮಾತ್ರ
ಲಾಟೀನು ಹಚ್ಚಿಕೊಂಡು ಓದಿದ್ದೆ.

ಮದ್ದಿನ ಮನೆಗೆ ಎರಡು ಬೀಗ, ಕೀಲಿ ಇಬ್ಬರ ಹತ್ತಿರ.
ಒಬ್ಬನಿಗೆ ಜ್ವರ ಬಂದರೆ ಗುಡ್ಡಕ್ಕೇ ರಜೆ.
ಒಂದು ಕೇಪು ಲೆಕ್ಕಕ್ಕೆ ಸಿಗದ ದಿನ
ಸಾಹೇಬರಿಂದ ಹಿಡಿದು ನೀರು ತರುವ ಈರಮ್ಮನವರೆಗೆ
ಎಲ್ಲರೂ ಮಂಡಿಯೂರಿ ಕೆಂಧೂಳು ಜರಡಿ ಹಿಡಿದೆವು.
ಸಿಕ್ಕಿತು, ನನ್ನದೇ ಅಂಗಿಯ ಮಡಚಿದ ತೋಳಿನಲ್ಲಿ.

ಕೆಂಪು ಬಾವುಟ. ಮೂರು ಸಲ ಸೈರನ್ನು.
ಕಡೆಯ ಕುರಿಮರಿಯೂ ದಾಟಿದ ಮೇಲೇ ಬೆಂಕಿ.

ಈಗ ಮುನಿಸಿಪಲ್ ಮೈದಾನದ ತಗಡಿನ ಸಾಲು.
ನನ್ನ ಮುಂದಿನ ಹುಡುಗನಿಗೆ ಒಂಬತ್ತು ಇರಬಹುದು,
ಮೂಗಿನಡಿ ಇನ್ನೂ ಐಸ್‌ಕ್ರೀಮು.
ನೋಟು ಚಾಚಿದ; ಸುತಳಿ ಬಾಂಬು ಎಣಿಸಿ ಕೊಟ್ಟರು.
ಹೆಸರು ಕೇಳಲಿಲ್ಲ. ಚಡ್ಡಿ ಜೇಬಿಗೆ ತುರುಕಿಕೊಂಡ.
ಒಂದು ಸಿಮ್ಮಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಊರಿದು.

ಮಾರಬಾರದು ಅಂತ ಬಾಯಿಗೆ ಬಂತು.
ಹಲಗೆಯಾಚೆ ನಿಂತವನು ಗಾದಿಲಿಂಗಪ್ಪ,
ಗಣಿಯಲ್ಲಿ ನನಗೆ ಹೆಲ್ಪರ್ ಇದ್ದವ.
ಬಲಗೈಗೆ ಮೂರೇ ಬೆರಳು.
ಆ ಮೂರರಲ್ಲೇ ನೋಟು ಎಣಿಸುತ್ತ ನಕ್ಕ:
"ಮೂರು ದಿನದ ಅಂಗಡಿ, ಗುರುವೇ.
ಇದರಾಗ ಮಗಳ ನರ್ಸಿಂಗ್ ಫೀಜು ಹುಟ್ಟಬೇಕು.
ಮಾರಬ್ಯಾಡ ಅಂತೀಯೇನು?"
ಅನ್ನಲಿಲ್ಲ. ಮೊಮ್ಮಗಳಿಗೆ ಅರ್ಧ ಡಜನ್ ಕೊಡು ಅಂದೆ.
ಒಂದು ಹೆಚ್ಚಿಗೆ ಹಾಕಿದ.

ರಾತ್ರಿ, ಕೌಲ್ ಬಜಾರಿನ ನಮ್ಮ ಓಣಿ.
ಕಟ್ಟೆ ಕಟ್ಟೆಯ ಮೇಲೆ ಹೊಲಿಗೆಗೆ ಬಂದ ಜೀನ್ಸಿನ ಗಂಟು,
ಚರಂಡಿ ತುಂಬ ನೀಲಿ ಚಿಂದಿ.
ಒಂದು ಕಿಡಿ ಸಾಕು ಅನ್ನುವುದು
ನನ್ನೊಬ್ಬನ ಕಣ್ಣಿಗೇ ಯಾಕೆ ಬೀಳಬೇಕೋ.
ಕೊಡ ತುಂಬಿಸಿಟ್ಟೆ. ಹೆಜ್ಜೆ ಅಳೆದು ಸೀಮೆಸುಣ್ಣದ ಗೆರೆ ಎಳೆದೆ.
ಮಗಳ ಕೆಂಪು ದುಪಟ್ಟಾ ಕೋಲಿಗೆ ಕಟ್ಟಿ
ಸೀಟಿ ಊದಿದೆ, ಮೂರು ಸಲ.
ಎದುರು ಮನೆಯ ಶಂಷಾದಬೀ ಹೊಟ್ಟೆ ಹಿಡಿದು ನಕ್ಕಳು:
"ತಾತ ಗುಡ್ಡ ಒಡೀತಾನ, ಬರ್ರಿ ನೋಡ್ರಿ!"

ಒಡೆದೆ. ಮೊದಲನೆಯದು ಸರಿಯಾಗಿ ಸಿಡಿಯಿತು.
ನಿಜ ಹೇಳುತ್ತೇನೆ, ಎದೆಯೊಳಗಿನ ಹಳೇ ಕೋತಿ ಎದ್ದು ಕುಣಿಯಿತು.
ಸದ್ದಿನ ರುಚಿ ನನಗೂ ಗೊತ್ತು;
ಅದನ್ನು ಬಚ್ಚಿಟ್ಟು ನ್ಯಾಯ ಹೇಳಲಾರೆ.

ಎರಡನೆಯದರ ಬತ್ತಿ ಸುರ್ ಅಂದು ಸುಮ್ಮನಾಯಿತು.
ಗಂಗೋತ್ರಿ ಒಂದು ಕಾಲು ಎತ್ತಿದಳು, ಓಡಲು.
ಜಡೆ ಹಿಡಿದು ಜಗ್ಗಿದೆ. ಅತ್ತಳು.
"ಎಷ್ಟೊತ್ತು ಕೂಡಬೇಕು?"
"ಅರ್ಧ ಗಂಟೆ."
ಪುಸ್ತಕದಲ್ಲಿದ್ದದ್ದು ಹಾಗೇ:
ಸಿಡಿಯದ್ದರ ಹತ್ತಿರ ಅರ್ಧ ಗಂಟೆ ಯಾರೂ ಸುಳಿಯಬಾರದು.

ಹಬ್ಬದ ರಾತ್ರಿ ಅರ್ಧ ಗಂಟೆ ಅಂದರೆ
ಕೂತು ನೋಡಬೇಕು.
ಹಿಂದಿನ ಓಣಿಯಲ್ಲಿ ಮೂರು ಸರ ಮುಗಿದವು.
ಗುಡ್ಡದ ಮೇಲಿನ ಆಕಾಶ ಗುಲಾಬಿಯಾಗಿ, ಮತ್ತೆ ಕಪ್ಪಾಗಿ.
ಸೊಳ್ಳೆ. ನಕ್ಕವರೆಲ್ಲ ಉಣ್ಣಲು ಒಳಗೆ ಹೋದರು.
"ತಾತ, ಅದು ಸತ್ತೈತೇನು?"
"ಗೊತ್ತಿಲ್ಲವ್ವ. ಗೊತ್ತಿಲ್ಲ ಅಂತನೇ ಕೂತೀವಿ."

ಗಾದಿಲಿಂಗಪ್ಪ ಎದ್ದು ಹೋದದ್ದು
ಹತ್ತೊಂಬತ್ತನೇ ನಿಮಿಷಕ್ಕೆ.
ಲಾರಿಗಳು ಸಾಲಾಗಿ ಹಾರನ್ ಹೊಡೆಯುತ್ತಿದ್ದವು.
ಗಡಿಯಾರ ನನ್ನ ಕೈಯಲ್ಲಿತ್ತು.
ಹೋಗಿ ನೋಡು ಅಂದದ್ದು ನನ್ನ ಬಾಯಿ.
ಸರ್ಟಿಫಿಕೇಟು ಆಗಲೂ ಜೇಬಿನಲ್ಲೇ ಇತ್ತು.

ಇಪ್ಪತ್ತಾರಕ್ಕೋ ಏಳಕ್ಕೋ ಒಂದು ನಾಯಿ
ಗೆರೆ ದಾಟಿ ಬಂತು. ಬಾಂಬನ್ನು ಮೂಸಿತು.
ಕೂಗಿದರೆ ನಿಲ್ಲುತ್ತದೆ, ಕೂಗದಿದ್ದರೆ ಕಚ್ಚುತ್ತದೆ.
ಗಂಗೋತ್ರಿಯ ಉಗುರು ನನ್ನ ಮಣಿಕಟ್ಟಿನೊಳಗೆ.
ನಾಯಿ ಸೀನಿತು.
ಜೀನ್ಸಿನ ಗಂಟಿಗೆ ಕಾಲೆತ್ತಿ ತನ್ನ ದಾರಿ ಹಿಡಿಯಿತು.

ಕೊಡ ಬಗ್ಗಿಸಿದೆ. ಸುತಳಿ ನೆನೆದು ಸಗಣಿಯಂತಾಯಿತು.
ಹುಡುಗಿಗೆ ಅಷ್ಟರಲ್ಲಿ ನಿದ್ದೆ.

ಉಳಿದವು ಐದು, ಲೆಕ್ಕ ಸರಿಯಿದೆ.
ವಾಪಸು ಕೊಟ್ಟರೆ
ಬೆಳಿಗ್ಗೆ ಅದೇ ಐಸ್‌ಕ್ರೀಮಿನ ಹುಡುಗನ ಜೇಬು ಸೇರುತ್ತವೆ.
ಕಪಾಟಿಗೆ ಎರಡು ಬೀಗ ಜಡಿದೆ.
ಒಂದು ಕೀಲಿ ನನ್ನ ಉಡಿದಾರಕ್ಕೆ.
ಇನ್ನೊಂದನ್ನು ಯಾರಿಗೆ ಕೊಡಲಿ ಅಂತ
ಕಟ್ಟೆಯ ಮೇಲೆ ಇನ್ನೂ ಕೂತಿದ್ದೇನೆ.